ಜಿಡ್ಡು ಮುಖಕ್ಕೆ ಯಾವುದರ ಮೇಲೆ ಯಾವುದು? ಮೊಡವೆ ಔಷಧಿಗಳನ್ನು ಆರಿಸಿ ಜೋಡಿಸುವ ಬಗೆ

ಅಕ್ಕನ ಮಗಳು ರಜೆಗೆ ನಮ್ಮ ಮನೆಗೆ ಬಂದ ಮಾರನೇ ಬೆಳಿಗ್ಗೆ ಬಚ್ಚಲುಮನೆಯ ಕಿಟಕಿ ಕಟ್ಟೆ ಮೇಲೆ ಏಳು ಬಾಟಲಿ, ಟ್ಯೂಬು ಸಾಲಾಗಿ ನಿಂತಿದ್ದವು. ಎರಡು ಫೇಸ್‌ವಾಶ್, ಒಂದು ಟೋನರ್, ಶೇ. 10ರ ನಿಯಾಸಿನಮೈಡ್ ಸೀರಮ್, ಶೇ. 2ರ ಸ್ಯಾಲಿಸಿಲಿಕ್ ಆಸಿಡ್ ಸೀರಮ್, ಮೆಡಿಕಲ್ ಶಾಪ್‌ನಿಂದ ತಂದ ಅಡಾಪಲೀನ್ ಜೆಲ್, ಒಂದು ಸನ್‌ಸ್ಕ್ರೀನ್. ಮಾಯಿಶ್ಚರೈಸರ್ ಎಲ್ಲೇ ಎಂದರೆ, "ನಂದು ಮೊದ್ಲೇ ಎಣ್ಣೆ ಮುಖ ಚಿಕ್ಕಮ್ಮ, ಅದ್ಯಾಕೆ?" ಎಂದಳು. ಒಂದರ ಮೇಲೊಂದು ಹಚ್ಚಿ ಕೊನೆಗೆ ಸನ್‌ಸ್ಕ್ರೀನ್ ತಿಕ್ಕಿದಳು. ಪೆನ್ಸಿಲ್ ಗೆರೆ ಅಳಿಸಿದಾಗ ರಬ್ಬರ್ ಚೂರು ಬೀಳುತ್ತಲ್ಲ, ಹಾಗೆ ಕೆನ್ನೆಯಿಂದ ಬಿಳಿ ಸುರುಳಿ ಉದುರಿದವು. ಮೂಗಿನ ಪಕ್ಕ ಸಿಪ್ಪೆ ಎದ್ದಿತ್ತು, ಹಣೆ ಹೊಳೆಯುತ್ತಿತ್ತು, ಮೊಡವೆಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ನಾನು ಡಾಕ್ಟರಲ್ಲ. ಇಪ್ಪತ್ತು ವರ್ಷ ಮೊಡವೆ ಜೊತೆ ಬಾಳಿದವಳು, ಇದೇ ತಪ್ಪನ್ನು ನಿಂಬೆರಸ, ಮುಲ್ತಾನಿ ಮಿಟ್ಟಿ, ಟೂತ್‌ಪೇಸ್ಟ್ ಇಟ್ಟುಕೊಂಡು ಮಾಡಿದವಳು. ಚರ್ಮದ ಡಾಕ್ಟರ ಬಳಿ ಕೂತು, ಓದಿ, ನನ್ನ ಮುಖದ ಮೇಲೇ ಪರೀಕ್ಷೆ ಮಾಡಿಕೊಂಡು ಕಲಿತದ್ದು ಇಷ್ಟು: ಒಂದು ಹೊತ್ತಿಗೆ ಕೆಲಸ ಮಾಡುವ ಔಷಧಿ ಒಂದೇ ಸಾಕು. ಆ ಒಂದನ್ನು ಯಾವುದೆಂದು ಆರಿಸುವುದರಲ್ಲೇ ಎಲ್ಲ ಇದೆ. ಮಿಕ್ಕವು ಅದಕ್ಕೆ ಅಡ್ಡ ಬರದಿದ್ದರೆ ಆಯಿತು.

ಮೊದಲು ನಿಮ್ಮ ಮೊಡವೆ ಯಾವ ಬಗೆ ನೋಡಿ

ಮೊಡವೆ ಏಳುವುದಕ್ಕೆ ನಾಲ್ಕು ಕಾರಣ ಕೂಡಬೇಕು. ಚರ್ಮದ ಗ್ರಂಥಿ ಜಿಡ್ಡನ್ನು ಹೆಚ್ಚು ಸುರಿಸುತ್ತದೆ. ಸತ್ತ ಕೋಶಗಳು ಉದುರಿಹೋಗದೆ ರಂಧ್ರದ ಬಾಯಲ್ಲಿ ಅಂಟಿಕೊಂಡು ಬಿರಡೆಯಾಗುತ್ತವೆ. ಅದರ ಹಿಂದೆ ಕಟ್ಟಿಕೊಂಡ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದಕ್ಕೆ ಸಿಟ್ಟಾದ ಚರ್ಮ ಕೆಂಪಗೆ ಊದಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಒಂದೊಂದು ಔಷಧಿಯೂ ಈ ನಾಲ್ಕರಲ್ಲಿ ಕೆಲವನ್ನು ಮಾತ್ರ ಹಿಡಿಯುತ್ತದೆ, ನಾಲ್ಕನ್ನೂ ಹಿಡಿಯುವ ಕ್ರೀಮ್ ಯಾವುದೂ ಇಲ್ಲ.

ಕನ್ನಡಿ ಮುಂದೆ ಹಗಲು ಬೆಳಕಿನಲ್ಲಿ ನಿಲ್ಲಿ. ರವೆ ಅಂಟಿಸಿದ ಹಾಗೆ ಕೆಂಪಿಲ್ಲದ ಸಣ್ಣ ಗುಳ್ಳೆ, ಮೂಗಿನ ಮೇಲೆ ಕಪ್ಪು ಚುಕ್ಕಿ ಇದ್ದರೆ ತೊಂದರೆ ಬಿರಡೆಯದು. ಮುಟ್ಟಿದರೆ ನೋಯುವ ಕೆಂಪು ಗುಳ್ಳೆ, ತುದಿಯಲ್ಲಿ ಕೀವು ಇದ್ದರೆ ಬ್ಯಾಕ್ಟೀರಿಯಾ ಮತ್ತು ಊತ ಸೇರಿಕೊಂಡಿವೆ. ಗುಳ್ಳೆ ಹೋಗಿ ಕಂದು ಕಲೆ ಮಾತ್ರ ಉಳಿದಿದ್ದರೆ ಅದು ಮೂರನೇ ವಿಷಯ. ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಚರ್ಮದಲ್ಲಿ ಆ ಕಲೆ ಮೊಡವೆಗಿಂತ ಹೆಚ್ಚು ದಿನ ಕಾಡುತ್ತದೆ. ಹೆಚ್ಚಿನವರಿಗೆ ಮೂರೂ ಇರುತ್ತವೆ, ಆದರೆ ಯಾವುದು ಮುಂದಾಗಿದೆ ಎಂದು ಹೇಳುವುದು ಕಷ್ಟವಲ್ಲ.

ಅಡಾಪಲೀನ್ ಸಾಲಿಗೋ, ಬೆಂಜಾಯ್ಲ್ ಪೆರಾಕ್ಸೈಡ್ ಸಾಲಿಗೋ?

ನಿಜವಾದ ಆಯ್ಕೆ ಇರುವುದು ಇಲ್ಲಿ. ಅಮೆರಿಕದ ಚರ್ಮವೈದ್ಯರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೆಂಜಾಯ್ಲ್ ಪೆರಾಕ್ಸೈಡ್‌ಗೂ, ಅಡಾಪಲೀನ್ ಸೇರಿರುವ ರೆಟಿನಾಯ್ಡ್ ಗುಂಪಿಗೂ ಬಲವಾದ ಶಿಫಾರಸು ಇದೆ. ಸ್ಯಾಲಿಸಿಲಿಕ್ ಮತ್ತು ಅಜೆಲೈಕ್ ಆಸಿಡ್‌ಗೆ ಇರುವುದು ಷರತ್ತಿನ, ಅಂದರೆ ಅಷ್ಟು ಬಲವಿಲ್ಲದ ಶಿಫಾರಸು. ಜಾಹೀರಾತಿನಲ್ಲಿ ಮಿಂಚುವ ಸೀರಮ್‌ಗಳಿಗಿಂತ ಮೆಡಿಕಲ್ ಶಾಪ್‌ನ ಮೂಲೆಯಲ್ಲಿರುವ ಈ ಎರಡು ಮಂಕು ಟ್ಯೂಬುಗಳು ಗಟ್ಟಿ.

ಅಡಾಪಲೀನ್ ವಿಟಮಿನ್ ಎ ಬಳಗದ್ದು. ರಂಧ್ರದೊಳಗೆ ಕೋಶಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಅಂದರೆ ಬಿರಡೆ ಕಟ್ಟುವುದನ್ನೇ ತಡೆಯುತ್ತದೆ. ಇದನ್ನು ಎದ್ದ ಮೊಡವೆಯ ತಲೆಗೆ ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಕಣ್ಣಿಗೆ ಕಾಣದ ಬಿರಡೆಗಳು ಮುಖದ ತುಂಬ ತಯಾರಾಗುತ್ತಿರುತ್ತವೆ, ಹಾಗಾಗಿ ಒಂದು ಬಟಾಣಿ ಕಾಳಿನಷ್ಟು ಜೆಲ್ಲನ್ನು ಇಡೀ ಮುಖಕ್ಕೆ ತೆಳ್ಳಗೆ ಸವರಬೇಕು. ಕಣ್ಣಿನ ಸುತ್ತ, ಮೂಗಿನ ಸಂದಿ, ತುಟಿಯ ಕೊನೆ ಬಿಡಬೇಕು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ. ಮೊದಲ ತಿಂಗಳು ಮುಖ ಒಣಗುತ್ತದೆ, ಕೆಲವರಿಗೆ ಮೊಡವೆ ಇನ್ನೂ ಜಾಸ್ತಿ ಆದಂತೆ ಕಾಣುತ್ತದೆ. ನೂರರಲ್ಲಿ ತೊಂಬತ್ತು ಜನ ಟ್ಯೂಬ್ ಬಿಸಾಡುವುದು ಆ ತಿಂಗಳಲ್ಲೇ ಎಂದು ನನ್ನ ಅಂದಾಜು. ನಾನೂ ಎರಡು ಸಲ ಬಿಸಾಡಿದ್ದೇನೆ.

ಬೆಂಜಾಯ್ಲ್ ಪೆರಾಕ್ಸೈಡ್‌ನ ರೀತಿ ಬೇರೆ. ಆಮ್ಲಜನಕವನ್ನು ಬಿಡುಗಡೆ ಮಾಡಿ ರಂಧ್ರದೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಂಟಿಬಯೋಟಿಕ್‌ಗೆ ಪಳಗಿದಂತೆ ಇದಕ್ಕೆ ಬ್ಯಾಕ್ಟೀರಿಯಾ ಪಳಗುವುದಿಲ್ಲ, ಇದರ ದೊಡ್ಡ ಗುಣ ಅದು. ಕೀವಿನ ಮೊಡವೆಗೆ ಇದು ಬೇಗ ಹತ್ತುತ್ತದೆ. ಕೊಳ್ಳುವಾಗ ಶೇ. 10 ಇದ್ದರೆ ಶೇ. 2.5ಕ್ಕಿಂತ ನಾಲ್ಕು ಪಟ್ಟು ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಮೊಡವೆ ಇಳಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಉರಿ ಮಾತ್ರ ಹತ್ತರಲ್ಲಿ ಜಾಸ್ತಿ. ಶೇ. 2.5 ತನ್ನಿ.

ಇದರ ಒಂದು ಕಿತಾಪತಿ ಗೊತ್ತಿರಲಿ: ಬಟ್ಟೆಯ ಬಣ್ಣ ತಿನ್ನುತ್ತದೆ. ನಮ್ಮಮ್ಮನ ಮೆರೂನ್ ಬಣ್ಣದ ದಿಂಬಿನ ಕವರಿನ ಮೇಲೆ ನನ್ನ ಕೆನ್ನೆಯಷ್ಟೇ ಅಗಲದ ಕಿತ್ತಳೆ ಮಚ್ಚೆ ಈಗಲೂ ಇದೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ, ಇಲ್ಲವೇ ಹಚ್ಚಿ ಮೂರು ನಾಲ್ಕು ನಿಮಿಷ ಬಿಟ್ಟು ತೊಳೆದುಬಿಡುವ ಕ್ರಮ ಹಿಡಿಯಿರಿ. ಸೂಕ್ಷ್ಮ ಚರ್ಮದವರಿಗೆ ಹೀಗೆ ತೊಳೆಯುವುದೇ ವಾಸಿ. ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯಲ್ಲೋ ನಿಂತ ಕಾರಿನೊಳಗೋ ಇಡಬೇಡಿ. ಕಾವಿಗೆ ಈ ಔಷಧಿ ಒಡೆದು ಬೆಂಜೀನ್ ಎಂಬ ಕೆಟ್ಟ ರಾಸಾಯನಿಕ ಹುಟ್ಟುತ್ತದೆ. ಅದೇ ಕಾರಣಕ್ಕೆ 2025ರಲ್ಲಿ ಅಮೆರಿಕದಲ್ಲಿ ಕೆಲವು ಉತ್ಪನ್ನಗಳನ್ನು ಹಿಂದಕ್ಕೆ ಪಡೆದರು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇರುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ.

ಹಾಗಾದರೆ ಯಾವುದು? ರವೆ ಗುಳ್ಳೆ, ಕಪ್ಪು ಚುಕ್ಕಿ ಮುಂದಾಗಿದ್ದರೆ ಅಡಾಪಲೀನ್. ಕೆಂಪು, ಕೀವು ಮುಂದಾಗಿದ್ದರೆ ಬೆಂಜಾಯ್ಲ್ ಪೆರಾಕ್ಸೈಡ್. ಎರಡೂ ಸಮಸಮ ಇದ್ದರೆ ಬೆಳಿಗ್ಗೆ ಬೆಂಜಾಯ್ಲ್ ಹಚ್ಚಿ ತೊಳೆಯುವುದು, ರಾತ್ರಿ ಅಡಾಪಲೀನ್. ಇವೆರಡನ್ನು ಒಟ್ಟಿಗೆ ಹಚ್ಚಿದರೆ ಒಂದನ್ನೊಂದು ಕೆಡಿಸುತ್ತವೆ ಎಂದು ಎಷ್ಟೋ ಕಡೆ ಹೇಳುತ್ತಾರೆ. ಆ ಮಾತು ಹುಟ್ಟಿದ್ದು ಟ್ರೆಟಿನಾಯಿನ್ ಎಂಬ ಹಳೆಯ ರೆಟಿನಾಯ್ಡ್‌ನಿಂದ. ಅದು ಬೆಳಕಿಗೂ ಬೆಂಜಾಯ್ಲ್‌ಗೂ ಕೆಡುತ್ತದೆ. ಅಡಾಪಲೀನ್ ಎರಡನ್ನೂ ತಡೆದುಕೊಳ್ಳುತ್ತದೆ. ಶೇ. 0.1 ಅಡಾಪಲೀನ್, ಶೇ. 2.5 ಬೆಂಜಾಯ್ಲ್ ಸೇರಿಸಿದ ಒಂದೇ ಜೆಲ್ ಮಾರುಕಟ್ಟೆಯಲ್ಲೇ ಇದೆ. ಒಂದು ಹೊತ್ತಿಗೆ ಒಂದೇ ಔಷಧಿ ಎಂದೆನಲ್ಲ, ಅದಕ್ಕೆ ನಾನು ಒಪ್ಪುವ ವಿನಾಯಿತಿ ಇದೊಂದೇ, ಏಕೆಂದರೆ ಅಳತೆ ಮಾಡಿ ಬೆರೆಸಿದವರು ನಾವಲ್ಲ.

ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅಡಾಪಲೀನ್, ಟ್ರೆಟಿನಾಯಿನ್ ಎರಡನ್ನೂ ಮುಟ್ಟಬಾರದು. ನಮ್ಮಲ್ಲಿ ಇವು ವೈದ್ಯರ ಚೀಟಿಯ ಮೇಲೆ ಮಾರಬೇಕಾದ ಔಷಧಿಗಳು. ಮೆಡಿಕಲ್‌ನವರು ಕೇಳದೆ ಕೊಟ್ಟರೂ ಒಮ್ಮೆ ಡಾಕ್ಟರಿಗೆ ತೋರಿಸಿ ಶುರು ಮಾಡಿ.

ಸ್ಯಾಲಿಸಿಲಿಕ್: ಫೇಸ್‌ವಾಶೋ, ಸೀರಮೋ?

ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುತ್ತದೆ, ಅದಕ್ಕೇ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿಯಬಲ್ಲದು. ಅಡಾಪಲೀನ್‌ನಷ್ಟು ಬಲವಿಲ್ಲ, ಅದರಷ್ಟು ಕಾಟವೂ ಇಲ್ಲ. ಮೊಡವೆ ಕಡಿಮೆ ಇದ್ದು ಮೂಗು, ಗಲ್ಲದ ಮೇಲೆ ಚುಕ್ಕಿಗಳಷ್ಟೇ ಇದ್ದರೆ ಶೇ. 2ರ ಸೀರಮ್ ಒಂದೇ ಸಾಕು, ವಾರಕ್ಕೆ ಮೂರು ರಾತ್ರಿ. ಅಡಾಪಲೀನ್ ಹಚ್ಚುವವರಿಗೆ ಸೀರಮ್ ಬೇಡ, ಫೇಸ್‌ವಾಶ್ ಸಾಕು, ಅದೂ ಬೆಳಿಗ್ಗೆ. ಅರ್ಧ ನಿಮಿಷ ಇದ್ದು ತೊಳೆದುಹೋಗುವ ಆಸಿಡ್‌ಗೂ ರಾತ್ರಿಯಿಡೀ ಕೂರುವ ಆಸಿಡ್‌ಗೂ ತುಂಬ ವ್ಯತ್ಯಾಸ. ನಮ್ಮ ಹುಡುಗಿ ಸ್ಯಾಲಿಸಿಲಿಕ್ ವಾಶ್, ಸ್ಯಾಲಿಸಿಲಿಕ್ ಸೀರಮ್, ಮೇಲೆ ಅಡಾಪಲೀನ್, ಮೂರನ್ನೂ ಒಂದೇ ರಾತ್ರಿ ಹಚ್ಚುತ್ತಿದ್ದಳು. ಮೂಗಿನ ಪಕ್ಕದ ಸಿಪ್ಪೆ ಅದರದ್ದೇ. ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಹಚ್ಚುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಿ.

ಫೇಸ್‌ವಾಶ್ ಮಾತು ಬಂತಲ್ಲ, ಇನ್ನೊಂದು. ಬೋರ್‌ವೆಲ್ ನೀರು, ಟ್ಯಾಂಕರ್ ನೀರಿನ ಮನೆಗಳಲ್ಲಿ ಸೋಪು ಸರಿಯಾಗಿ ನೊರೆ ಬಿಡದೆ ಬಕೆಟ್ ಅಂಚಿಗೆ ಬಿಳಿ ಕೊಳೆ ಕಟ್ಟುವುದನ್ನು ನೋಡಿರುತ್ತೀರಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಆಗುವ ಅದೇ ಕೊಳೆ ಮುಖದ ಮೇಲೂ ಕೂರುತ್ತದೆ. ಅಂಥ ನೀರಿದ್ದರೆ ಮೈಸೋಪಿನಿಂದ ಮುಖ ತೊಳೆಯುವುದು ಬಿಟ್ಟು ಮೃದುವಾದ ಜೆಲ್ ಫೇಸ್‌ವಾಶ್ ಹಿಡಿಯಿರಿ. ದಿನಕ್ಕೆ ಎರಡೇ ಸಲ. ಮಧ್ಯಾಹ್ನ ಜಿಡ್ಡೆನಿಸಿದರೆ ಬರೀ ನೀರು, ಇಲ್ಲ ಟಿಶ್ಯೂ.

ಕಲೆಗೆ: ನಿಯಾಸಿನಮೈಡೋ, ಅಜೆಲೈಕೋ, ವಿಟಮಿನ್ ಸಿಯೋ?

ಈ ಮೂರರಲ್ಲಿ ನನ್ನ ಓಟು ಅಜೆಲೈಕ್ ಆಸಿಡ್‌ಗೆ. ಮೊಡವೆ, ಕಲೆ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಬಣ್ಣ ತಯಾರಿಸುವ ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ, ಬ್ಯಾಕ್ಟೀರಿಯಾ ಮೇಲೂ ಸ್ವಲ್ಪ ಕೈ ಮಾಡುತ್ತದೆ, ಗರ್ಭಿಣಿಯರಿಗೂ ಡಾಕ್ಟರರು ಧೈರ್ಯವಾಗಿ ಬರೆದುಕೊಡುವ ಔಷಧಿ. ಶೇ. 10, 15, 20 ಹೀಗೆ ಸಿಗುತ್ತದೆ. ಮೊದಮೊದಲು ಹಚ್ಚಿದ ಹತ್ತು ನಿಮಿಷ ಇರುವೆ ಹರಿದ ಹಾಗೆ ತುರಿಸುತ್ತದೆ, ಎರಡು ಮೂರು ವಾರದಲ್ಲಿ ಅಭ್ಯಾಸವಾಗುತ್ತದೆ. ಬೆಳಿಗ್ಗೆ ಇದನ್ನೂ ರಾತ್ರಿ ಅಡಾಪಲೀನನ್ನೂ ಇಟ್ಟುಕೊಂಡರೆ ಜೋಡಿ ಚೆನ್ನಾಗಿ ಕೂರುತ್ತದೆ, ಆದರೆ ಅಡಾಪಲೀನ್‌ಗೆ ಮುಖ ಒಗ್ಗಿದ ಮೇಲೆ ಮಾತ್ರ.

ವಿಟಮಿನ್ ಬಿ3 ಬಳಗದ ನಿಯಾಸಿನಮೈಡ್ ಸಾಧು ಪ್ರಾಣಿ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶೇ. 4ರ ನಿಯಾಸಿನಮೈಡ್ ಜೆಲ್ ಎಂಟು ವಾರದಲ್ಲಿ ಶೇ. 1ರ ಕ್ಲಿಂಡಮೈಸಿನ್ ಎಂಬ ಆಂಟಿಬಯೋಟಿಕ್ ಜೆಲ್ಲಿಗೆ ಹೆಚ್ಚುಕಡಿಮೆ ಸಮನಾಗಿ ನಿಂತಿತು. ನಾಲ್ಕು ಎಂಬ ಅಂಕಿಯನ್ನು ಗಮನಿಸಿ. ಈಗ ಬರುವ ಶೇ. 10, 15ರ ಸೀರಮ್‌ಗಳು ಅಷ್ಟರಮಟ್ಟಿಗೆ ಹೆಚ್ಚು ಕೆಲಸ ಮಾಡುತ್ತವೆ ಎಂದೇನಿಲ್ಲ, ಕೆಲವರಿಗೆ ಮುಖ ಕೆಂಪಾಗುವುದು ಜಾಸ್ತಿ. ನಿಯಾಸಿನಮೈಡ್ ಇರುವ ಮಾಯಿಶ್ಚರೈಸರ್ ಕೊಂಡರೆ ಒಂದು ಬಾಟಲಿಯೂ ಉಳಿಯಿತು, ಒಂದು ಪದರವೂ ಉಳಿಯಿತು.

ವಿಟಮಿನ್ ಸಿ ಕೆಟ್ಟದ್ದಲ್ಲ, ಆದರೆ ಮೊಡವೆ ಏಳುತ್ತಿರುವ ಮುಖಕ್ಕೆ ತುರ್ತಿಲ್ಲ. ಆಮ್ಲದ ರೂಪದ್ದು ಚುರುಗುಟ್ಟುತ್ತದೆ, ಗಾಳಿ ತಾಗಿ ಚಹಾ ಬಣ್ಣಕ್ಕೆ ತಿರುಗಿದರೆ ಅದರ ಕಥೆ ಮುಗಿಯಿತು. ಬೆಂಜಾಯ್ಲ್ ಜೊತೆ ಒಂದೇ ಹೊತ್ತಿಗೆ ಬೇಡ, ಅದು ವಿಟಮಿನ್ ಸಿಯನ್ನು ಕೆಡಿಸುತ್ತದೆ. ನಿಯಾಸಿನಮೈಡ್ ಜೊತೆ ಹಚ್ಚಬಾರದು ಎಂಬ ಹಳೆಯ ಹೆದರಿಕೆಯನ್ನು ಮಾತ್ರ ಬಿಟ್ಟುಬಿಡಿ.

ಹಳ್ಳ ಬಿದ್ದ ಗುರುತುಗಳಿಗೆ ಈ ಮೂರೂ ಏನೂ ಮಾಡಲಾರವು. ಅದು ಡಾಕ್ಟರ ಕೈಯಲ್ಲಿ ಆಗುವ ಲೇಸರ್, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚುಚ್ಚುವ ಚಿಕಿತ್ಸೆ) ಕೆಲಸ.

ಪದರದ ಕ್ರಮ

ತೆಳುವಿನಿಂದ ದಪ್ಪಕ್ಕೆ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ: ನೀರಿನಂಥದ್ದು ಮೊದಲು, ಜೆಲ್ ಆಮೇಲೆ, ಕ್ರೀಮ್ ನಂತರ, ಹಗಲಾದರೆ ಸನ್‌ಸ್ಕ್ರೀನ್ ಎಲ್ಲಕ್ಕಿಂತ ಮೇಲೆ. ಅಡಾಪಲೀನ್‌ಗೆ ಈ ಸೂತ್ರವನ್ನು ಬೇಕೆಂದೇ ಮುರಿಯಬಹುದು. ಮುಖ ತೊಳೆದು, ಒರೆಸಿ, ಪೂರ್ತಿ ಒಣಗಲು ಹತ್ತು ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಮೊದಲು ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ಅಡಾಪಲೀನ್, ಬೇಕಿದ್ದರೆ ಮತ್ತೆ ಮಾಯಿಶ್ಚರೈಸರ್. ಮೊದಲ ಎರಡು ವಾರ ಮೂರು ರಾತ್ರಿಗೊಮ್ಮೆ, ಆಮೇಲೆ ರಾತ್ರಿ ಬಿಟ್ಟು ರಾತ್ರಿ, ಮುಖ ತಡೆದುಕೊಂಡರೆ ದಿನಾ. ನಾನು ಮೂರನೇ ಸಲ ಶುರು ಮಾಡಿದಾಗ ಹೀಗೆ ಮಾಡಿದ್ದಕ್ಕೇ ಟ್ಯೂಬ್ ಕಸದ ಬುಟ್ಟಿಗೆ ಹೋಗಲಿಲ್ಲ.

ಆ ರಬ್ಬರ್ ಸುರುಳಿ ಯಾಕೆ ಬಂತು ಅಂತೀರಾ? ಸೀರಮ್‌ಗಳಲ್ಲಿ ದಪ್ಪ ಬರಲು ಹಾಕುವ ಅಂಟು, ಸನ್‌ಸ್ಕ್ರೀನ್‌ನ ಸಿಲಿಕೋನ್, ಎರಡೂ ಒಣಗುವ ಮೊದಲೇ ಒಂದರ ಮೇಲೊಂದು ತಿಕ್ಕಿದರೆ ಪದರ ಕಿತ್ತು ಬರುತ್ತದೆ. ಒಂದು ಸೀರಮ್ ಬಿಡಿ, ಉಳಿದದ್ದಕ್ಕೆ ಐದು ನಿಮಿಷ ಕೊಡಿ, ಸನ್‌ಸ್ಕ್ರೀನನ್ನು ತಿಕ್ಕದೆ ಒತ್ತಿ ಹರಡಿ. ಸುರುಳಿಯಾಗಿ ಉದುರಿದ ಸನ್‌ಸ್ಕ್ರೀನ್ ಬಿಸಿಲು ತಡೆಯುವುದಿಲ್ಲ, ದುಡ್ಡು ದಂಡ.

ಟೋನರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಇಲ್ಲದಿದ್ದರೂ ನಡೆಯುತ್ತದೆ.

ಎಣ್ಣೆ ಮುಖಕ್ಕೂ ಮಾಯಿಶ್ಚರೈಸರ್?

ಬೇಕು. ಜಿಡ್ಡು ಬೇರೆ, ತೇವ ಬೇರೆ. ಮೊಡವೆ ಔಷಧಿಗಳು ಹೆಚ್ಚಾಗಿ ಚರ್ಮದ ಮೇಲ್ಪದರದ ತೇವವನ್ನು ಕಳೆಯುತ್ತವೆ. ಮೇಲೆ ಎಣ್ಣೆ ಹೊಳೆಯುತ್ತ ಒಳಗೆ ಬಿಗಿದುಕೊಂಡ ಹಾಗಾದರೆ ಅದೇ ಲಕ್ಷಣ. ಮಂಗಳೂರು, ಕಾರವಾರದ ಸೆಕೆಯಲ್ಲಿ ತೆಳ್ಳನೆ ಜೆಲ್ ಸಾಕು. ಬೆಂಗಳೂರಿನ ಡಿಸೆಂಬರ್‌ನ ಒಣ ಗಾಳಿಗೆ ಸೆರಾಮೈಡ್ (ಚರ್ಮದ ತೇವ ಹಿಡಿದಿಡುವ ಕೊಬ್ಬು) ಇರುವ ಲೋಷನ್ ಬೇಕಾಗುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಮೊಡವೆ ಮುಖದಲ್ಲಿ ಅದು ರಂಧ್ರ ಮುಚ್ಚುತ್ತದೆ. "ನಾನ್ ಕಾಮೆಡೋಜೆನಿಕ್", ಅಂದರೆ ರಂಧ್ರ ಮುಚ್ಚದ್ದು, ಎಂಬ ಮಾತಿಗೆ ಕಾನೂನಿನ ಅಳತೆಗೋಲಿಲ್ಲ, ಡಬ್ಬಿ ಮೇಲೆ ಇದ್ದರೆ ಒಳ್ಳೆಯದು, ಅದನ್ನೇ ನಂಬಿ ಕೂರುವಂತಿಲ್ಲ.

ಸನ್‌ಸ್ಕ್ರೀನ್ ಬಿಟ್ಟರೆ ಕಲೆಗೆ ಹಚ್ಚಿದ್ದೆಲ್ಲ ನೀರಿನಲ್ಲಿ ಹೋಮ. ಎಸ್‌ಪಿಎಫ್ 30 ಅಥವಾ 50, ಜೆಲ್ ಅಥವಾ ಫ್ಲೂಯಿಡ್ ರೂಪ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ, ಕುತ್ತಿಗೆಗೆ ಬೇಕು. ಹೆಚ್ಚಿನವರು ಅರ್ಧವೂ ಹಚ್ಚುವುದಿಲ್ಲ.

ಮೂರು ಮುಖ, ಮೂರು ಜೋಡಣೆ

ಕಾಲೇಜು ಹುಡುಗ, ಬೈಕಿನಲ್ಲಿ ಓಡಾಟ, ಗಡ್ಡದ ಕೆಳಗೆ ಕೀವಿನ ಮೊಡವೆ, ಎರಡು ನಿಮಿಷಕ್ಕಿಂತ ಹೆಚ್ಚು ತಾಳ್ಮೆಯಿಲ್ಲ: ಸ್ನಾನ ಮಾಡುವಾಗ ಬೆಂಜಾಯ್ಲ್ ಹಚ್ಚಿ ತೊಳೆಯಲಿ, ಮೇಲೆ ಜೆಲ್ ಸನ್‌ಸ್ಕ್ರೀನ್. ರಾತ್ರಿ ಮುಖ ತೊಳೆದು ಮಾಯಿಶ್ಚರೈಸರ್. ಇಷ್ಟೇ. ಹೆಲ್ಮೆಟ್ಟಿನ ಗಲ್ಲದ ಪಟ್ಟಿ, ಒಳಗಿನ ಪ್ಯಾಡ್ ಒಗೆಯುವುದು ಯಾವ ಸೀರಮ್‌ಗೂ ಕಡಿಮೆಯಿಲ್ಲ.

ಅಕ್ಕನ ಮಗಳ ಥರ ಹಣೆ ತುಂಬ ರವೆ ಗುಳ್ಳೆ, ಅಲ್ಲಲ್ಲಿ ಕಲೆ: ಬೆಳಿಗ್ಗೆ ಫೇಸ್‌ವಾಶ್, ನಿಯಾಸಿನಮೈಡ್ ಇರುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ರಾತ್ರಿ ಮಾಯಿಶ್ಚರೈಸರ್, ಅಡಾಪಲೀನ್. ಮೂರು ತಿಂಗಳು ಬೇರೇನೂ ಮುಟ್ಟುವಂತಿಲ್ಲ ಎಂದು ಹೇಳಿ ನಾಲ್ಕು ಬಾಟಲಿ ನಾನೇ ಎತ್ತಿಟ್ಟೆ. ಒಂದು ವಾರ ನನ್ನ ಜೊತೆ ಮಾತಿಲ್ಲ.

ಮೂವತ್ತರ ಮೇಲಿನ ಹೆಣ್ಣುಮಕ್ಕಳು, ಮುಟ್ಟಿನ ಮುಂಚೆ ದವಡೆಯ ಗೆರೆಗುಂಟ ಗಂಟು ಗಂಟಾಗಿ ಏಳುವ ಮೊಡವೆ: ಅಜೆಲೈಕ್ ಎರಡು ಹೊತ್ತು ಹಚ್ಚಿ ನೋಡಬಹುದು. ಆದರೆ ಮುಟ್ಟು ಏರುಪೇರಾಗಿದ್ದರೆ, ಗಲ್ಲದ ಮೇಲೆ ಕೂದಲು ಹೆಚ್ಚುತ್ತಿದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ) ಇದೆಯೇ ಎಂದು ಮೊದಲು ನೋಡಿಸಿ. ಹಾರ್ಮೋನಿನ ತೊಂದರೆಯನ್ನು ಮೇಲೆ ಬಳಿಯುವ ಜೆಲ್ ಎಷ್ಟು ದಿನ ಎಳೆಯುತ್ತದೆ?

ಮೊಡವೆಯೇ ಅಲ್ಲದಿದ್ದರೆ

ಹಣೆಯಲ್ಲಿ, ಬೆನ್ನಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳು ತುರಿಸುತ್ತಿದ್ದರೆ, ಬೆವರಿದಾಗ ಹೆಚ್ಚಾದರೆ ಅದು ಮಲಸೇಜಿಯ ಎಂಬ ಶಿಲೀಂಧ್ರದ ಕೆಲಸ ಇರಬಹುದು. ಮೊಡವೆ ಔಷಧಿಗೆ ಅದು ಬಗ್ಗುವುದಿಲ್ಲ, ಶಿಲೀಂಧ್ರದ ಔಷಧಿಯೇ ಬೇಕು. ರಾತ್ರಿ ತಲೆಗೆ ಎಣ್ಣೆ ತಟ್ಟಿ ಮಲಗುವವರಿಗೆ ಹಣೆಯ ಅಂಚಿನಲ್ಲಿ ಗುಳ್ಳೆ ಬರುವುದೂ ಉಂಟು. ಎಣ್ಣೆ ಬಿಡಲು ಅಜ್ಜಿ ಒಪ್ಪದಿದ್ದರೆ ತಲೆಸ್ನಾನಕ್ಕೆ ಎರಡು ಗಂಟೆ ಮುಂಚೆ ಹಚ್ಚಿ ತೊಳೆಯಿರಿ, ಅವರಿಗೂ ಸಮಾಧಾನ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ. "ಮೂರು ದಿನದಲ್ಲಿ ಮುಖ ಬೆಳ್ಳಗಾಗುತ್ತೆ, ಮೊಡವೆನೂ ಹೋಗುತ್ತೆ" ಎಂದು ಯಾರಾದರೂ ಸಣ್ಣ ಟ್ಯೂಬ್ ಕೊಟ್ಟರೆ ಹಿಂಭಾಗ ಓದಿ. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಮೂರು ದಿನದಲ್ಲಿ ಊತ ಇಳಿಯುವುದು ನಿಜ. ತಿಂಗಳಾನುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿ, ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಮೊಡವೆ ಏಳುತ್ತದೆ. ಇಂಥ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಈಗಾಗಲೇ ಹಚ್ಚುತ್ತಿದ್ದರೆ ನೀವೇ ದಿಢೀರನೆ ನಿಲ್ಲಿಸದೆ ಚರ್ಮದ ಡಾಕ್ಟರನ್ನು ಕಾಣಿ.

ಚರ್ಮದಾಳದಲ್ಲಿ ಗೋಲಿಯಂತೆ ಕೂತು ನೋಯುವ ಗಂಟು, ಹಳ್ಳ ಬೀಳುತ್ತಿರುವ ಗುರುತು, ಮೂರು ತಿಂಗಳು ಬಿಡದೆ ಹಚ್ಚಿದರೂ ಅಲುಗದ ಮೊಡವೆ ಇದ್ದರೂ ಹೋಗಲೇಬೇಕು. ಹೋಗುವಾಗ ಇಷ್ಟು ದಿನ ಹಚ್ಚಿದ ಬಾಟಲಿ, ಟ್ಯೂಬುಗಳನ್ನೆಲ್ಲ ಒಂದು ಕವರಿಗೆ ಹಾಕಿ ಒಯ್ಯಿರಿ, ಯಾರೋ ಪುಡಿ ಕಟ್ಟಿ ಕೊಟ್ಟಿದ್ದನ್ನೂ ಬಿಡದೆ. ಮುಖ ನೋಡುವ ಮೊದಲು ಡಾಕ್ಟರು ಆ ಕವರನ್ನೇ ಮೇಜಿನ ಮೇಲೆ ಸುರುವಿ ನೋಡುತ್ತಾರೆ.